ಎಂಬತ್ತೆಂಟರ ಸುಂದರಿ

ಫೆಬ್ರವರಿ 2, ಸೋಮವಾರ. ಮಧ್ಯಾಹ್ನ

ಎಂಬತ್ತೇಳನೇ ಇಸವಿಯವರೆಗೆ ಮುಗಿಯಿತು. ವರ್ಷಕ್ಕೊಂದು ಪುಟ — ಹೆಸರು, ಊರು, ಕಿರೀಟ ತೊಟ್ಟ ಫೋಟೋ, ವೇದಿಕೆಯಲ್ಲಿ ಕೇಳಿದ ಪ್ರಶ್ನೆ, ಅದಕ್ಕೆ ಕೊಟ್ಟ ಉತ್ತರ. ಹನ್ನೆರಡು ಜನರಲ್ಲಿ ಒಂಬತ್ತು ಜನಕ್ಕೆ ವಿಶ್ವಶಾಂತಿ ಬೇಕಂತೆ. ನನಗೆ ಬೆನ್ನುನೋವು ಹೋದರೆ ಸಾಕು. ಬೆಂಗಳೂರಿನ ಹೂಡಿಯ ಈ ಆಫೀಸಿನಲ್ಲಿ ಏಸಿ ಸರಿಯಾಗಿ ನನ್ನ ನೆತ್ತಿಯ ಮೇಲೇ ಇದೆ. ಫ್ಯಾಕ್ಟರಿಯಿಂದ ರಿಟೈರ್ ಆದವಳು ತೆಪ್ಪಗೆ ಮನೆಯಲ್ಲಿ ಕೂರಬಹುದಿತ್ತು.

ರಾಷ್ಟ್ರಸುಂದರಿ ಸ್ಪರ್ಧೆಗೆ ಐವತ್ತು ವರ್ಷ. ಅದರ ಇತಿಹಾಸದ ಪುಸ್ತಕ ನಮ್ಮ ಕಂಪನಿಗೆ ಬಂದಿದೆ, ಬರೆಯುವ ಕೆಲಸ ನನ್ನ ತಲೆಗೆ. ಇವತ್ತು 1988 ತೆಗೆದೆ. ಕ್ಲೈಂಟ್ ಕೊಟ್ಟ ಪಟ್ಟಿಯಲ್ಲಿ ಒಂದೇ ಸಾಲು — ‘ಈ ವರ್ಷ ಸ್ಪರ್ಧೆ ನಡೆಯಲಿಲ್ಲ.’

ಮ್ಯಾನೇಜರ್ ವಿಶ್ರುತ್‌ಗೆ ಹೇಳಿದೆ, ನಡೆದಿತ್ತು ಅಂತ. ಮೂವತ್ತು ತುಂಬದ ಹುಡುಗ, ಆಗಿನ್ನೂ ಹುಟ್ಟಿರಲಿಲ್ಲ.

“ಅವ್ರು ಕೊಟ್ಟಿರೋದನ್ನೇ ಹಾಕ್ಬಿಡಿ ಮೇಡಂ. ಇಪ್ಪತ್ತಕ್ಕೆ ಪ್ರಿಂಟ್‌ಗೆ ಹೋಗ್ಬೇಕು.”

ಹಾಕಲಿಲ್ಲ. ಚಹಾ ಕುಡಿದು ಬಂದೆ.

ಫೆಬ್ರವರಿ 3. ಬೆಳಿಗ್ಗೆ 6

ಗೆದ್ದವಳು ಉಮಾಶ್ರೀ. ಕ್ವಾರ್ಟರ್ಸ್‌ನಲ್ಲಿ ನಮ್ಮ ಪಕ್ಕದ ಮನೆ. ಅವಳು ಅಸೆಂಬ್ಲಿ ಲೈನ್, ನಾನು ಆಫೀಸಿನಲ್ಲಿ ಟೈಪಿಸ್ಟ್. ಒಂದೇ ಫ್ಯಾಕ್ಟರಿ ಬಸ್ಸು, ಒಂದೇ ಸೀಟು. ಬೊಂಬಾಯಿಗೆ ಹೋಗಿ ಕಿರೀಟ ಗೆದ್ದಳು. ಹತ್ತೊಂಬತ್ತು ದಿನ ಇತ್ತು ಅವಳ ಹತ್ತಿರ.

ಇಪ್ಪತ್ತಮೂರು ತುಂಬಿರಬಾರದು ಅಂತ ನಿಯಮ. ಅವಳಿಗೆ ನಿಜವಾಗಿ ಇಪ್ಪತ್ತೆರಡು. ಆದರೆ ಸ್ಕೂಲಿಗೆ ಬೇಗ ಸೇರಿಸಬೇಕು ಅಂತ ಹೆಡ್‌ಮಾಸ್ಟರು ಜೂನ್ ಒಂದು ಅಂತ ಬರೆದು ಒಂದೂಕಾಲು ವರ್ಷ ಹೆಚ್ಚಿಸಿದ್ದರು. ಎಲ್ಲರಿಗೂ ಹಾಗೇ. ನಮ್ಮ ಸೆಕ್ಷನ್ನಿನಲ್ಲಿ ಒಂಬತ್ತು ಜನ ಜೂನ್ ಒಂದರಂದೇ ಹುಟ್ಟಿದವರು, ನನ್ನನ್ನೂ ಸೇರಿಸಿ. ಎರಡನೇ ಸ್ಥಾನ ಬಂದವಳ ಕಡೆಯವರು ವಯಸ್ಸಿನ ತಕರಾರು ತೆಗೆದರು. ಸ್ಪರ್ಧೆಯವರು ಫ್ಯಾಕ್ಟರಿಗೆ ಕಾಗದ ಬರೆದು ವಯಸ್ಸು ಕೇಳಿದರು. ಸರ್ವಿಸ್ ರಿಜಿಸ್ಟರಿನಲ್ಲಿ ಇದ್ದದ್ದನ್ನು ಟೈಪ್ ಮಾಡಿದೆ. ಸಾಹೇಬರು ಸೈನ್ ಹಾಕಿದರು. ಅವಳಿಂದ ಕಿರೀಟ ಕಿತ್ತುಕೊಂಡು, ಎರಡನೆಯವಳಿಗೂ ಕೊಡದೆ, ಆ ವರ್ಷವನ್ನೇ ಅಳಿಸಿಬಿಟ್ಟರು.

ನನ್ನ ಕೆಲಸ ನಾನು ಮಾಡಿದ್ದು. ಅಷ್ಟೆ.

ಫೆಬ್ರವರಿ 5

ವಿಶ್ರುತ್ ಪೂರ್ತಿ ಕೇಳಿಸಿಕೊಂಡ. ಒಳ್ಳೆಯವನು, ಆತುರ ಜಾಸ್ತಿ.

“ಬರ್ತ್ ಸರ್ಟಿಫಿಕೇಟ್ ಇದ್ಯಾ ಅವ್ರ ಹತ್ರ? ಸೈನ್ ಮಾಡಿ ಒಂದು ಲೆಟರ್ ಕೊಟ್ರೆ ಕ್ಲೈಂಟ್ ಹತ್ರ ನಾನೇ ಮಾತಾಡ್ತೀನಿ. ಇಲ್ದಿದ್ರೆ ಆ ಲೈನ್ ಹಾಗೇ ಹೋಗುತ್ತೆ ಮೇಡಂ.”

ಫ್ಯಾಕ್ಟರಿಯಿಂದ ರಿಟೈರ್ ಆದವರ ವಾಟ್ಸಾಪ್ ಗುಂಪಿನಲ್ಲಿ ಉಮಾಶ್ರೀ ನಂಬರ್ ಸಿಕ್ಕಿತು. ಮೂರು ಸಲ ಡಯಲ್ ಮಾಡಿ ಕಟ್ ಮಾಡಿದೆ. ನಾಲ್ಕನೇ ಸಲ ಎತ್ತಿಬಿಟ್ಟಳು.

ಫೆಬ್ರವರಿ 8, ಭಾನುವಾರ. ಸಂಜೆ

ಮಾದನಾಯಕನಹಳ್ಳಿ. ಊರಿನ ಈ ತುದಿಯಿಂದ ಆ ತುದಿ. ಮೆಟ್ರೋ ಬದಲಿಸಿ, ಕೊನೆಗೆ ಆಟೋ ಹಿಡಿದೆ. ಗೋಡೌನ್‌ಗಳ ಹಿಂದೆ ಎರಡು ಕೋಣೆಯ ಮನೆ. ಸೀರೆಗೆ ಕುಚ್ಚು ಕಟ್ಟುತ್ತಾಳೆ. ಅರವತ್ತರಲ್ಲೂ ನೆಟ್ಟಗೆ ಕೂರುತ್ತಾಳೆ.

“ಸೀತಾ, ಇಷ್ಟು ವರ್ಷಕ್ಕೆ ನೆನಪಾಯ್ತೇನೇ?” ಅಂದಳು. ಉಪ್ಪಿಟ್ಟು ಕೊಟ್ಟಳು. ಪುಸ್ತಕದ ವಿಷಯ ಹೇಳಿದೆ. ಕೈಯಲ್ಲಿದ್ದ ಸೀರೆ ಪಕ್ಕಕ್ಕಿಟ್ಟಳು.

“ಹೆಸರು ಬರುತ್ತಾ ನಿಜವಾಗ್ಲೂ? ಮೊಮ್ಮಗಳು ನಂಬೋದೇ ಇಲ್ಲ ಕಣೇ. ಫೋನಲ್ಲಿ ಹುಡುಕ್ತಾಳೆ, ನಡೆದೇ ಇಲ್ಲ ಅಂತ ತೋರ್ಸುತ್ತೆ.”

ಎಷ್ಟೋ ವರ್ಷದ ಮೇಲೆ ಪಾಸ್‌ಪೋರ್ಟ್‌ಗೆ ಅಂತ ಕಾರ್ಪೊರೇಷನ್‌ನಿಂದ ತೆಗೆಸಿದ ಬರ್ತ್ ಸರ್ಟಿಫಿಕೇಟ್ ಇದೆಯಂತೆ. ಅಷ್ಟಕ್ಕೇ ಎದ್ದು ಬರಬೇಕಿತ್ತು. ಅವಳು ಅಪ್ಪನ ಮಾತು ತೆಗೆದಳು. ಲಕ್ಷ್ಮಯ್ಯ ಮಾವ, ಅದೇ ಫ್ಯಾಕ್ಟರಿಯಲ್ಲಿದ್ದವರು.

“ಬೊಂಬಾಯಿಂದ ಟ್ರಂಕ್ ಕಾಲ್ ಮಾಡಿ ಬೇಡ್ಕೊಂಡೆ. ನಾನು ಹುಟ್ಟಿದ ಆಸ್ಪತ್ರೆ ಚೀಟಿ ಇದ್ಯಲ್ಲಪ್ಪ, ಫ್ಯಾಕ್ಟರಿ ಆಫೀಸ್‌ಗೆ ಕೊಡು ಅಂತ. ಕೊಟ್ಟೆ ಅಂದ್ರು. ಸಾಯೋವರ್ಗೂ ಕೊಟ್ಟೆ ಕೊಟ್ಟೆ ಅಂತಲೇ ಅಂದ್ರು. ನಾನು ಸ್ಟೇಜ್ ಹತ್ತಿದ್ದು ಅವರಿಗೆ ಹಿಡಿಸಿರ್ಲಿಲ್ಲ. ಬೇಕಂತಲೇ ಕೊಡ್ಲಿಲ್ಲ. ಹನ್ನೊಂದು ವರ್ಷ ಮಾತು ಬಿಟ್ಟಿದ್ದೆ. ಬಾಯಿಗೆ ನೀರು ಬಿಡೋಕೂ ಹೋಗ್ಲಿಲ್ಲ... ನೀನೇ ತಾನೇ ಫೈಲ್ ನೋಡಿ ಹೇಳಿದ್ದು, ಚೀಟಿ ಇಲ್ಲ ಅಂತ?”

ಹೂಂ ಅಂದೆ.

ಫೆಬ್ರವರಿ 9. ಬೆಳಿಗ್ಗೆ

ರಜೆ ಹಾಕಿದೆ. ಜ್ವರ ಅಂತ ಸುಳ್ಳು ಹೇಳಿದೆ.

ಫೈಲಿನಲ್ಲಿ ಇರಲಿಲ್ಲ, ನಿಜ. ನನ್ನ ಡ್ರಾಯರಿನಲ್ಲಿತ್ತು. ಮಾವ ನನ್ನ ಕೈಗೇ ಕೊಟ್ಟಿದ್ದರು. ಸಾಹೇಬರಿಗೆ ತೋರಿಸಿದ್ದರೆ, ಆಸ್ಪತ್ರೆ ಚೀಟಿ ಪ್ರಕಾರ ಇಪ್ಪತ್ತೆರಡು ಅಂತ ಇನ್ನೊಂದು ಸಾಲು ಸೇರಿಸು ಅನ್ನುತ್ತಿದ್ದರು. ನಾಳೆ ತೋರಿಸಿದರಾಯಿತು ಅಂತ ಒಳಗಿಟ್ಟೆ. ಕಾಗದ ಅವತ್ತೇ ಸಂಜೆಯ ಟಪಾಲಿಗೆ ಹೋಗುತ್ತದೆ ಅಂತ ಗೊತ್ತಿತ್ತು. ಟೈಪ್ ಮಾಡಿದವಳೇ ನಾನು.

ಹೊಟ್ಟೆಕಿಚ್ಚು. ಬೇರೆ ಏನೂ ಅಲ್ಲ. ಒಂದೇ ಬಸ್ಸಿನಲ್ಲಿ ಬರುತ್ತಿದ್ದವಳು ಪೇಪರಿನಲ್ಲಿ ಬಂದಳು. ಅಷ್ಟೆಲ್ಲ ಅವಳಿಗೊಬ್ಬಳಿಗೇ ಸಿಗಬಾರದು ಅನ್ನಿಸಿತು. ಆಮೇಲೆ ಕೆಲಸ ಹೋಗುತ್ತದೆ ಅಂತ ಹೆದರಿ ಚೀಟಿ ಹರಿದೆ. ಮೂವತ್ತೆಂಟು ವರ್ಷವಾಯಿತು. ಇವತ್ತೇ ಮೊದಲು ಬರೆಯುತ್ತಿರುವುದು.

ಫೆಬ್ರವರಿ 14, ಶನಿವಾರ

ಉಮಾಶ್ರೀ ಆಫೀಸಿಗೆ ಬಂದಿದ್ದಳು, ಲೆಟರ್‌ಗೆ ಸೈನ್ ಹಾಕಲು. ಒಳ್ಳೆಯ ಸೀರೆ ಉಟ್ಟಿದ್ದಳು. ವಿಶ್ರುತ್ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಕ್ಲೈಂಟ್ ಒಪ್ಪಿದರು ಅಂದ. ಅವಳು ನನ್ನ ಕೈ ಹಿಡಿದುಕೊಂಡು, “ನಿನ್ನಿಂದ ಆಯ್ತು ಕಣೇ” ಅಂದಳು. ಸುಮ್ಮನಿದ್ದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಹೇಳಿದೆ. ಎಲ್ಲವನ್ನೂ. ಬೈಯಲಿಲ್ಲ, ಅಳಲಿಲ್ಲ.

“ಅಪ್ಪ ಕೊಟ್ಟಿದ್ರಾ?”

“ಕೊಟ್ಟಿದ್ರು.”

“ಅವರೇ ಬಂದು?”

“ಅವರೇ ಬಂದು.”

ಮೆಟ್ಟಿಲು ಹತ್ತಿ ಹೋದಳು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು. ತಿರುಗಿ ನೋಡಲಿಲ್ಲ.

ಫೆಬ್ರವರಿ 20. ಸಂಜೆ 5

ಪುಸ್ತಕ ಪ್ರಿಂಟ್‌ಗೆ ಹೋಯಿತು. 1988, ಉಮಾಶ್ರೀ, ಬೆಂಗಳೂರು. ಆರು ದಿನದಿಂದ ಫೋನ್ ಎತ್ತದವಳು ಈಗ ತಾನೇ ಮಾಡಿದ್ದಳು. ಪುಟದ ಬಗ್ಗೆ ಕೇಳಲೇ ಇಲ್ಲ.

“ಅವತ್ತು ಅಪ್ಪ ಎಷ್ಟೊತ್ತಿಗೆ ಬಂದ್ರು, ಏನ್ ಹಾಕ್ಕೊಂಡಿದ್ರು, ಏನೇನಂದ್ರು, ಎಲ್ಲ ಬರೆದುಕೊಡು. ಒಂದು ಮಾತೂ ಬಿಡ್ಬೇಡ. ಅಷ್ಟು ಮಾಡು ಸಾಕು. ಆಮೇಲೆ ನನಗೆ ಫೋನ್ ಮಾಡ್ಬೇಡ.”

ಬರೆಯಲು ಕೂತಿದ್ದೇನೆ.

ಮಧ್ಯಾಹ್ನ ಒಂದೂವರೆ. ಫಸ್ಟ್ ಶಿಫ್ಟಿನ ಖಾಕಿಯಲ್ಲೇ ಬಂದಿದ್ದರು. ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೇಬಿನಲ್ಲಿಟ್ಟಿದ್ದರು. ನನ್ನ ಟೇಬಲ್ ಮುಂದೆ ನಿಂತೇ ಇದ್ದರು, ಕೂರಿ ಅಂತ ನಾನು ಅನ್ನಲಿಲ್ಲ. “ಸೀತಮ್ಮ, ನೀನಿದ್ದೀಯಲ್ಲ, ಇನ್ನು ನನಗೆ ಯೋಚ್ನೆ ಇಲ್ಲ” ಅಂದರು. ನಾನು ತಲೆ ಎತ್ತದೆ ಚೀಟಿ ತೆಗೆದುಕೊಂಡು ಡ್ರಾಯರ್ ಎಳೆದೆ.