ಹಲ್ಲು ಕೀಳಿಸಿಕೊಂಡು ಬಂದ ದಿನ

ಪ್ರೀತಿಯ ಗಡಿಬಿಡಿ,

ಇಪ್ಪತ್ತು ವರ್ಷದ ಮೇಲೆ ಹೀಗೆ ಕರೆದರೆ ಸಿಟ್ಟಾಗುತ್ತೀಯೋ ನಗುತ್ತೀಯೋ ಗೊತ್ತಿಲ್ಲ. ಆದರೆ ನಿನ್ನ ನಿಜವಾದ ಹೆಸರು ಬರೆಯಲು ಹೋದರೆ ಯಾವುದೋ ಕಚೇರಿಗೆ ಅರ್ಜಿ ಹಾಕಿದಂತಾಗುತ್ತದೆ. ನಮ್ಮ ಆ ಮನೆಯಲ್ಲಿ ನಿನ್ನನ್ನು ಆ ಹೆಸರಿನಿಂದ ಕರೆದದ್ದು ಹಾಜರಿ ಪುಸ್ತಕ ಒಂದೇ.

ಕಳೆದ ಸೋಮವಾರ ಬೆಳಿಗ್ಗೆ ಇಲ್ಲಿಗೊಬ್ಬ ಹುಡುಗಿ ಬಂದಳು. ಹದಿನೆಂಟು ದಾಟಿರಬಹುದು. ಹೆಗಲ ಮೇಲೆ ಎರಡು ತಿಂಗಳ ಕೂಸು, ಕೈಯಲ್ಲಿ ಜಿಪ್ ಕಿತ್ತುಹೋದ ಬ್ಯಾಗು. ಇಂಥವರನ್ನು ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಮಗುವಿಗೆ ಹಾಲು ಕುಡಿಸಿ ಆಯಿತೇ ಎಂದು ಕೇಳುವುದು ಈಗ ನನ್ನ ಕೆಲಸ. ಹೌದು ಕಣೇ, ಅದೇ ಮನೆ, ಅದೇ ಮೇಜು. ನಮ್ಮಂಥ ಒಂಟಿ ತಾಯಂದಿರ ಈ ಮನೆಯನ್ನು ನೋಡಿಕೊಳ್ಳುತ್ತ ಬೀಗದಮ್ಮ ಕೂರುತ್ತಿದ್ದ ಕುರ್ಚಿಯಲ್ಲಿ ಆರು ವರ್ಷದಿಂದ ನಾನು ಕೂರುತ್ತಿದ್ದೇನೆ. ಯಾರು ಕಳಿಸಿದರು ಎಂದು ಕೇಳಿದೆ. "ಆಸ್ಪತ್ರೆ ಲಾಂಡ್ರಿಯಲ್ಲಿ ಬಟ್ಟೆ ಮಡಚ್ತಿದ್ದೆ ಮೇಡಮ್. ಅಲ್ಲಿಯ ಸೂಪರ್‌ವೈಸರಮ್ಮ ಕಳಿಸಿದ್ರು. ಬಸ್ಸು ಹೊರಡೋವರೆಗೂ ಕಿಟಕಿ ಕಂಬಿ ಹಿಡ್ಕೊಂಡು ಒಂದೇ ಸಮನೆ ಹೇಳ್ತಾನೇ ಇದ್ರು. ಎರಡನೇ ಮಹಡಿ ಮೂಲೆ ರೂಮು ಕೇಳು, ಬೆಳಿಗ್ಗೆ ಬಿಸಿಲು ಬರುತ್ತೆ, ಮಗೂ ಬಟ್ಟೆ ಬೇಗ ಒಣಗುತ್ತೆ ಅಂತ."

ನನ್ನ ಪೆನ್ನು ಅಲ್ಲೇ ನಿಂತಿತು. "ಅವರು ತುಂಬಾ ಅವಸರದವರಾ?" ಎಂದೆ. ಆ ಹುಡುಗಿ ಮೊದಲ ಸಲ ನಕ್ಕಳು. "ಅವಸರ ಅಂದ್ರೆ? ಒಂದಿನ ಎರಡು ಕಾಲಿಗೆ ಎರಡು ತರ ಚಪ್ಪಲಿ ಹಾಕ್ಕೊಂಡು ಕೆಲಸಕ್ಕೆ ಬಂದಿದ್ರು."

ಅವಳು ಇನ್ನೂ ಒಂದು ಮಾತು ಹೇಳಿದಳು. ಈ ಪತ್ರ ಬರೆಯುತ್ತಿರುವುದು ಆ ಮಾತಿಗಾಗಿ. ಅದಕ್ಕೆ ಬರುವ ಮೊದಲು ಸ್ವಲ್ಪ ಹೊತ್ತು ನಿನ್ನ ಜೊತೆ ಆ ಮೂಲೆ ರೂಮಿನಲ್ಲಿ ಕೂರುತ್ತೇನೆ, ಬೇಡ ಅನ್ನಬೇಡ.

ನಾನು ಬಂದ ದಿನ ನಿನಗೆ ನೆನಪಿದೆಯೇ? ನನಗೆ ಹತ್ತೊಂಬತ್ತು, ಮಗಳಿಗೆ ಇಪ್ಪತ್ತು ದಿನ. ಅಪ್ಪ ಹೊರಗೆ ಹಾಕಿದ ಮೇಲೆ ಗೆಳತಿಯ ಮನೆಯಲ್ಲಿ ನಾಲ್ಕು ವಾರ, ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೆಲವು ದಿನ, ಆಮೇಲೆ ಹೆರಿಗೆ ವಾರ್ಡು. ವಾರ್ಡಿನ ನರ್ಸೊಬ್ಬರು ಚೀಟಿ ಬರೆದು ಇಲ್ಲಿಗೆ ಕಳಿಸಿದ್ದರು. ಬೀಗದಮ್ಮ ಸೊಂಟದ ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸಿ ನನ್ನ ಅಂಗೈಯಲ್ಲಿಟ್ಟು, "ಇದು ನಿನ್ನ ರೂಮಿಂದು. ನಾನೂ ತಟ್ಟಿಯೇ ಒಳಗೆ ಬರ್ತೀನಿ" ಅಂದಿದ್ದರು. ಹುಟ್ಟಿದಾಗಿನಿಂದ ನನ್ನದು ಅಂತ ಒಂದು ಬೀಗದ ಕೈ ಇರಲಿಲ್ಲ ನನಗೆ. ರೂಮಿಗೆ ಬಂದರೆ ನೀನು ಒಂದು ಕೈಯಲ್ಲಿ ಮಗನನ್ನು ಅವುಚಿಕೊಂಡು ಇನ್ನೊಂದು ಕೈಯಲ್ಲಿ ಇಸ್ತ್ರಿ ಹಾಕುತ್ತ, ಬಾಯಲ್ಲಿ ಸೇಫ್ಟಿ ಪಿನ್ನು ಕಚ್ಚಿಕೊಂಡೇ "ಬಾ ಬಾ, ಕಿಟಕಿ ಕಡೆ ಮಂಚ ನಿಂಗೇ" ಎಂದಿದ್ದೆ. ನಾನು ಮೂರು ದಿನ ಬಾಯಿ ಬಿಡಲಿಲ್ಲ. ನಾಲ್ಕನೇ ದಿನ ನೀನು ನನಗೆ ಗುಮ್ಮನಗುಸುಕಿ ಅಂತ ಹೆಸರಿಟ್ಟೆ. ಅಷ್ಟುದ್ದ ಕರೆಯಲು ನಿನಗೆಲ್ಲಿ ಪುರುಸೊತ್ತು, ಸಂಜೆಯೊಳಗೆ ಬರೀ ಗುಸುಕಿಯಾಯಿತು. ನಾನು ನಿನ್ನನ್ನು ಅಕ್ಕ ಅಂದದ್ದಕ್ಕೆ, "ಅಕ್ಕ ಅಂದ್ರೆ ಒದೀತೀನಿ. ನಂಗಿನ್ನೂ ಇಪ್ಪತ್ತೊಂದು" ಎಂದು ಗದರಿದ್ದೆ.

ವಾರಕ್ಕೆ ಮೂರು ಮಧ್ಯಾಹ್ನ ನಮಗೆ ಕ್ಲಾಸು. ಮಗುವಿನ ಔಷಧಿಯನ್ನು ಡ್ರಾಪರಿನಲ್ಲಿ ಎಷ್ಟು ಗೆರೆಗೆ ಎಳೆಯಬೇಕು, ಬಾಡಿಗೆ ಕರಾರಿನಲ್ಲಿ ಯಾವ ಸಾಲನ್ನು ಎರಡು ಸಲ ಓದಬೇಕು, ಗ್ಯಾಸ್ ವಾಸನೆ ಬಂದರೆ ಮೊದಲು ಯಾವುದಕ್ಕೆ ಕೈ ಹಾಕಬಾರದು. ನಮ್ಮ ಅಮ್ಮಂದಿರು ಹೇಳಿಕೊಡಬೇಕಿದ್ದ ಎಷ್ಟೋ ಸಂಗತಿಗಳನ್ನು ನಾವು ಅಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಕೆಲಸದ ಸಂದರ್ಶನದ ಅಭ್ಯಾಸದ ದಿನ ಬೀಗದಮ್ಮ ಕನ್ನಡಕ ಏರಿಸಿ ಸಾಹೇಬರಂತೆ ಕೂತು, "ನಿಮಗೆ ಏನೇನು ಬರುತ್ತೆ?" ಎಂದರೆ, ನೀನು "ಸುಮ್ಮನಿರೋದೊಂದು ಬಿಟ್ಟು ಎಲ್ಲ ಬರುತ್ತೆ ಸಾರ್" ಅಂದುಬಿಟ್ಟೆ. ಬೀಗದಮ್ಮ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಈಗ ಆ ಕ್ಲಾಸು ತೆಗೆದುಕೊಳ್ಳುವವಳು ನಾನೇ. ನಿನ್ನ ಉತ್ತರವನ್ನು ಪ್ರತಿ ಸಲ ಹೇಳುತ್ತೇನೆ. ಪ್ರತಿ ಸಲವೂ ನಗುತ್ತಾರೆ.

ಆದರೆ ಹಲ್ಲು ಕೀಳಿಸಿಕೊಂಡು ಬಂದ ಆ ದಿನದ ಮಾತನ್ನು ಯಾರಿಗೂ ಹೇಳಿರಲಿಲ್ಲ.

ಮಗಳಿಗೆ ಮೂರು ತಿಂಗಳು ತುಂಬಿತ್ತು. ಅಮ್ಮ ಆಫೀಸಿನ ಫೋನಿಗೆ ಕರೆ ಮಾಡಿದಳು. ಅಪ್ಪ ಮೆತ್ತಗಾಗಿದ್ದಾರೆ, ಕಾಲೇಜಿಗೆ ಮತ್ತೆ ಸೇರಿಸುತ್ತಾರೆ, ಬಾ ಎಂದಳು. ಕೊನೆಗೆ, "ಒಬ್ಬಳೇ ಬಾ. ಅಲ್ಲಿ ಮಕ್ಕಳನ್ನ ನೋಡ್ಕೊಳ್ಳೋರು ಇದ್ದಾರಲ್ಲ" ಎಂದಳು. ಮಗಳು ನಾಲ್ಕು ದಿನದಿಂದ ಹೊಟ್ಟೆನೋವಿಗೆ ಅತ್ತು ಅತ್ತು ನನ್ನ ಜೀವ ಹಿಂಡಿದ್ದಳು. ಮರುದಿನ ಬೆಳಿಗ್ಗೆ ಅವಳು ನಿದ್ದೆ ಹೋದಾಗ, ನೀನು ಬಟ್ಟೆ ಒಗೆಯಲು ಕೆಳಗೆ ಹೋಗಿದ್ದಾಗ, ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದೆ. ಅದೇ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಮನೆಯ ನಿಯಮಗಳಿದ್ದವು: ಹೇಳದೆ ಕೇಳದೆ ಮಗುವನ್ನು ಬಿಟ್ಟು ಹೋದರೆ ಮಕ್ಕಳ ಇಲಾಖೆಗೆ ತಿಳಿಸಲಾಗುವುದು. ಅದನ್ನು ಓದಿಯೇ ಇಳಿದೆ, ಗಡಿಬಿಡಿ. ಗೊತ್ತಿಲ್ಲದೆ ಹೋದವಳಲ್ಲ ನಾನು.

ಎರಡು ಗಂಟೆಯ ಬಸ್ಸಿನ ದಾರಿ. ಅಮ್ಮ ಬಾಗಿಲು ತೆಗೆದಳು, ಊಟಕ್ಕೆ ಬಡಿಸಿದಳು, ನನ್ನ ಹಳೆಯ ಮಂಚಕ್ಕೆ ಒಗೆದ ಹೊದಿಕೆ ಹಾಸಿಟ್ಟಿದ್ದಳು. ಮಗು ಹೇಗಿದೆ ಎಂದು ಕೇಳಲಿಲ್ಲ. ಗಂಡೋ ಹೆಣ್ಣೋ ಎಂದೂ ಕೇಳಲಿಲ್ಲ. ತಟ್ಟೆಯ ಮುಂದೆ ಕೂತಿದ್ದಾಗ ಎದೆ ಕಟ್ಟಿ ಹಾಲು ಸೋರತೊಡಗಿತು. ಅಂಗಿಯ ಮುಂಭಾಗವೆಲ್ಲ ಒದ್ದೆ. ಅಮ್ಮ ಅದನ್ನು ನೋಡಿದಳು. ಎದ್ದು ಒಂದು ಹಳೆಯ ಬಟ್ಟೆ ತಂದು ಉದ್ದಕ್ಕೆ ಹರಿದು ನನ್ನ ತೊಡೆಯ ಮೇಲಿಟ್ಟು, ಗೋಡೆ ಕಡೆ ತಿರುಗಿ, "ಎರಡು ದಿನ ಬಿಗಿಯಾಗಿ ಕಟ್ಕೊ. ಬತ್ತಿ ಹೋಗುತ್ತೆ" ಎಂದಳು.

ಅಮ್ಮ ಕೆಟ್ಟವಳಲ್ಲ. ಅವಳ ಬದುಕಿನಲ್ಲಿ ಎಲ್ಲವನ್ನೂ ಹಾಗೆಯೇ ಬತ್ತಿಸಿಕೊಂಡಿದ್ದಳೋ ಏನೋ. ಆದರೆ ಆ ಮಾತು ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೈ ತೊಳೆದು, "ಹೋಗಿ ಬರ್ತೀನಮ್ಮ" ಎಂದು ಹೊರಟೆ. ಅವಳು ತಡೆಯಲಿಲ್ಲ. ಬಸ್ಸಿನಲ್ಲಿ ಒದ್ದೆ ಎದೆಗೆ ಬ್ಯಾಗು ಅವುಚಿಕೊಂಡು ಕೂತು ಒಂದೇ ಲೆಕ್ಕ ಹಾಕುತ್ತಿದ್ದೆ: ಇಷ್ಟು ಹೊತ್ತಿಗೆ ಇಲಾಖೆಯವರು ಬಂದು ಹೋಗಿರುತ್ತಾರೆ, ತೊಟ್ಟಿಲು ಖಾಲಿಯಾಗಿರುತ್ತದೆ.

ಮನೆ ಮುಟ್ಟುವಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ನೀನು ಗೇಟಿನ ಹೊರಗೇ ಕಾಯುತ್ತಿದ್ದೆ. ನನ್ನನ್ನು ಕಂಡದ್ದೇ ಓಡಿ ಬಂದು, ಒಂದು ಮಾತೂ ಕೇಳದೆ ನನ್ನ ಬಾಯಿಗೆ ಹತ್ತಿಯ ಉಂಡೆ ತುರುಕಿದೆ. "ಕೆನ್ನೆ ಹಿಡ್ಕೊ. ದವಡೆ ಹಲ್ಲು ಕೀಳಿಸ್ಕೊಂಡು ಬಂದಿದ್ದೀಯ. ಬೆಳಿಗ್ಗೆ ನೋವು ತಡೀಲಾರದೆ ನಂಗೆ ಹೇಳಿ ಹೋದೆ. ಮಾತಾಡಬೇಡ, ಹೇಗೂ ನೀನು ಮಾತಾಡಲ್ಲ" ಎಂದು ಒಂದೇ ಉಸಿರಿಗೆ ಹೇಳಿದೆ. ಮೂಲೆ ರೂಮಿನಲ್ಲಿ ಮಗಳು ಹೊಟ್ಟೆ ತುಂಬಿ ನಿದ್ದೆ ಮಾಡುತ್ತಿದ್ದಳು. ಇಡೀ ದಿನ ನೀನೇ ಇಬ್ಬರಿಗೂ ಹಾಲೂಡಿಸಿದ್ದೆ, ಒಂದು ಮಗ್ಗುಲಿಗೆ ನಿನ್ನ ಮಗ, ಇನ್ನೊಂದು ಮಗ್ಗುಲಿಗೆ ನನ್ನ ಮಗಳು. ನಿನ್ನ ಮಗನಿಗೆ ಎಂಟು ತಿಂಗಳು. ತನ್ನ ಪಾಲಿಗೆ ಬಂದ ಈ ಹೊಸಬಳನ್ನು ಕಾಲಿನಿಂದ ಒದ್ದನಂತೆ, ಅವಳೂ ಬಿಡದೆ ಅವನ ಕೂದಲು ಹಿಡಿದಳಂತೆ. ಹೇಳುತ್ತ ನೀನು ನಗುತ್ತಿದ್ದೆ, ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು. ಬೀಗದಮ್ಮನಿಗೆ ಹೇಳಿದ ಸುಳ್ಳು ಹೊರಬಿದ್ದಿದ್ದರೆ ನಿನ್ನ ರೂಮೂ ಹೋಗುತ್ತಿತ್ತು.

ಬೀಗದಮ್ಮ ಊಟಕ್ಕೆ ನನಗೊಬ್ಬಳಿಗೆ ಗಂಜಿ ಕೊಟ್ಟರು, ತಣ್ಣಗೆ ಮಾಡಿ. ಮರುದಿನ ಬೆಳಿಗ್ಗೆ ರೂಮಿನ ಬಾಗಿಲು ತಟ್ಟಿ ಒಳಗೆ ಬಂದು, ಮಗಳ ಕೆನ್ನೆ ಸವರಿ, "ಇನ್ನೊಂದು ಸಲ ಹಲ್ಲುನೋವು ಬಂದ್ರೆ ಮೊದಲು ನಂಗೆ ಹೇಳಮ್ಮ. ಎಂಥ ನೋವಾದ್ರೂ ಸರಿ" ಎಂದರು. ಅಷ್ಟೇ. ಅವರಿಗೆ ಗೊತ್ತಿತ್ತು. ನಿನ್ನ ಸುಳ್ಳನ್ನು ಅವರು ಉಳಿಸಿಕೊಂಡರು. ಅವರು ನಿವೃತ್ತರಾದ ದಿನ ಕಾಲು ಮುಟ್ಟಲು ಬಗ್ಗಿದರೆ ಎತ್ತಿ ನಿಲ್ಲಿಸಿ, "ನಂಗಲ್ಲ, ಆ ಗಡಿಬಿಡಿಗೆ ಮಾಡು" ಎಂದರು.

ನಿನಗೆ ನಾನು ಏನು ಮಾಡಿದೆ?

ಎಂಟು ತಿಂಗಳ ಮೇಲೆ ನಿನ್ನ ಮಗನ ಅಪ್ಪ ಲಾರಿ ನಿಲ್ಲಿಸಿ ಗೇಟಿನಲ್ಲಿ ನಿಂತ. ಬದಲಾಗಿದ್ದೇನೆ, ಮನೆ ಮಾಡಿದ್ದೇನೆ ಎಂದ. ಬೀಗದಮ್ಮ ಯೋಚನೆ ಮಾಡು ಎಂದರು, ಬೇಡ ಎನ್ನಲಿಲ್ಲ. ನೀನು ಬಟ್ಟೆ ಮಡಚುತ್ತ, "ಒಂದು ಸಲ ನೋಡ್ತೀನಿ ಗುಸುಕಿ. ಮಗನಿಗೆ ಅಪ್ಪ ಅನ್ನೋಕೆ ಒಬ್ಬ ಇರಲಿ" ಎಂದೆ. ನಿನ್ನನ್ನು ಬಿಟ್ಟು ಆ ರೂಮಿನಲ್ಲಿ ಹೇಗಿರಲಿ ಎಂಬ ಹೆದರಿಕೆ ನನಗೆ. ಹೆದರಿಕೆ ಎಂದು ಹೇಳಲು ಬಾರದೆ ಸಿಟ್ಟು ಮಾಡಿದೆ. ಅಷ್ಟು ದಿನ ಮಾತಾಡದವಳು ಆ ದಿನ ಬಾಯಿ ಬಿಟ್ಟೆ. "ಹೋಗು. ಕಲಿಸಿದ್ದೆಲ್ಲ ನೀರಲ್ಲಿ ಹೋಮ. ನಾಳೆ ಅವನು ಕೈಬಿಟ್ಟಾಗ ಇಲ್ಲಿಗೆ ಬಂದು ನನ್ನ ಮುಖ ನೋಡಬೇಡ" ಎಂದೆ. ನೀನು ಮಡಚಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದೆ. ನೀನು ಹೊರಟಾಗ ನಾನು ಗೋಡೆ ಕಡೆ ತಿರುಗಿ ನಿದ್ದೆ ಬಂದವಳಂತೆ ಮಲಗಿದ್ದೆ. ಬಾಗಿಲ ಬಳಿ ನೀನು ಸ್ವಲ್ಪ ಹೊತ್ತು ನಿಂತದ್ದು ಗೊತ್ತಾಯಿತು. ಅವಸರದವಳು ನೀನು, ಅಷ್ಟು ಹೊತ್ತು ನಿಂತೆ. ನಾನು ತಿರುಗಲಿಲ್ಲ.

ಈಗ ಆ ಹುಡುಗಿ ಹೇಳಿದ್ದು ಕೇಳು. "ಅವರ ಗಂಡ ಎರಡೇ ವರ್ಷಕ್ಕೆ ಬಿಟ್ಟು ಹೋದ್ರಂತೆ ಮೇಡಮ್. ಆಗ ಮಗುವನ್ನ ಕಟ್ಕೊಂಡು ಇಲ್ಲಿಗೇ ಬರೋಣ ಅಂತ ಹೊರಟಿದ್ರಂತೆ. ಈ ಊರಿನ ಬಸ್‌ಸ್ಟ್ಯಾಂಡಲ್ಲಿ ಇಳಿದೂ ಇದ್ರಂತೆ. ಅಲ್ಲಿ ಒಬ್ಬಳ ಮುಖ ನೋಡೋಕೆ ಆಗಲ್ಲ ಅಂತ ವಾಪಸ್ ಬಸ್ ಹತ್ತಿದ್ರಂತೆ."

ಬಸ್‌ಸ್ಟ್ಯಾಂಡಿನಿಂದ ಈ ಮನೆಗೆ ಹತ್ತು ನಿಮಿಷದ ನಡಿಗೆ. ನನಗೆ ಈ ಬಾಗಿಲು ಮುಚ್ಚದ ಹಾಗೆ ಅಡ್ಡ ನಿಂತವಳು ನೀನು. ನಿನಗೆ ಅದೇ ಬಾಗಿಲನ್ನು ಒಂದೇ ಮಾತಿನಲ್ಲಿ ಹಾಕಿದವಳು ನಾನು. ಆ ದಿನ ಫಾರಂ ತುಂಬಿಸುವುದನ್ನು ಅರ್ಧಕ್ಕೆ ಬಿಟ್ಟು ಹೊರಗೆ ಹೋಗಿ ನಿಂತೆ. ಇಷ್ಟು ವರ್ಷದಲ್ಲಿ ಈ ಮನೆಗೆ ವಾಪಸ್ ಬಂದ ಎಷ್ಟೋ ಹುಡುಗಿಯರನ್ನು, ಎರಡನೇ ಸಲ, ಮೂರನೇ ಸಲ ಸೋತು ಬಂದವರನ್ನು, "ಬಂದದ್ದು ಒಳ್ಳೇದಾಯ್ತು" ಎಂದೇ ಒಳಗೆ ಕರೆದಿದ್ದೇನೆ. ಹಾಗೆ ಹೇಳಬೇಕಾಗಿದ್ದ ಮೊದಲನೆಯವಳು ಬಸ್‌ಸ್ಟ್ಯಾಂಡಿನಿಂದಲೇ ತಿರುಗಿ ಹೋಗಿದ್ದು ನನಗೆ ಗೊತ್ತೇ ಇರಲಿಲ್ಲ. ತಪ್ಪಾಯಿತು ಕಣೇ. ಇದಕ್ಕಿಂತ ದೊಡ್ಡ ಮಾತು ನನಗೆ ಬರುವುದಿಲ್ಲ.

ಆ ಸಂಜೆ ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವಳಿಗೀಗ ಇಪ್ಪತ್ತೊಂದು, ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವುದನ್ನು ಕಲಿಯುತ್ತಿದ್ದಾಳೆ. ಅವಳನ್ನು ತೊಟ್ಟಿಲಲ್ಲಿ ಬಿಟ್ಟು ಹೋದದ್ದನ್ನೂ ಬಿಡದೆ ಹೇಳಿದೆ. ಅವಳು ಎದ್ದು ಹೋದಳು. ಎರಡು ದಿನ ಮಾತಾಡಲಿಲ್ಲ, ಊಟದ ತಟ್ಟೆಯನ್ನು ತನ್ನ ಕೋಣೆಗೆ ಒಯ್ದಳು. ನನ್ನ ಮಗಳೇ ತಾನೇ, ಮೌನ ಚೆನ್ನಾಗಿ ಬರುತ್ತದೆ. ಮೂರನೇ ದಿನ ನಾನು ಕೆಲಸಕ್ಕೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತು ಕೇಳಿದಳು: "ಅವರ ಮಗ ಈಗ ಏನ್ ಮಾಡ್ತಿದ್ದಾನೆ?" ಫ್ರಿಜ್ಜು ರಿಪೇರಿ ಮಾಡುತ್ತಾನಂತೆ ಎಂದೆ; ನಿನ್ನ ವಿಳಾಸದ ಜೊತೆ ಇದನ್ನೂ ಆ ಹುಡುಗಿಯೇ ಹೇಳಿದ್ದಳು. ಅವಳು, "ಅವನ ಪಾಲಿನದನ್ನ ಕುಡಿದಿದ್ದೀನಿ. ಹಾಗಾದ್ರೆ ನಂಗೆ ಒಬ್ಬ ಅಣ್ಣ ಇದ್ದಾನೆ. ಇಷ್ಟು ವರ್ಷ ಯಾಕಮ್ಮ ಮುಚ್ಚಿಟ್ಟೆ?" ಎಂದು ಅತ್ತಳು.

ಈ ಪತ್ರವನ್ನು ಅಂಚೆಗೆ ಹಾಕುವುದನ್ನು ಅವಳು ಒಪ್ಪಲಿಲ್ಲ. ಈ ಭಾನುವಾರ ತಾನೇ ತರುತ್ತಾಳೆ. ನಾನೂ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಇರುತ್ತೇನೆ. ಆದರೆ ನಿನ್ನ ಬೀದಿಯ ತಿರುವಿನಲ್ಲೇ ನಿಲ್ಲುತ್ತೇನೆ. ಓದಿ ಮುಗಿಸಿದ ಮೇಲೆ ನನ್ನ ಮುಖ ನೋಡಬೇಕು ಅನ್ನಿಸಿದರೆ ಅವಳ ಹತ್ತಿರ ಹೇಳಿ ಕಳಿಸು. ಅನ್ನಿಸದಿದ್ದರೆ ಬೇಜಾರಿಲ್ಲ, ಅವಳೊಬ್ಬಳಿಗೆ ಊಟ ಹಾಕಿ ಕಳಿಸು. ನಿನ್ನ ಕೈಯಿಂದ ಉಣ್ಣುವುದು ಅವಳಿಗೆ ಹೊಸದೇನಲ್ಲ.

ನಿನ್ನ ಎರಡು ಕೈಗಳೂ, ನಿನ್ನ ಮಗನೂ, ನಿನ್ನ ಮುಗಿಯದ ಮಾತೂ ನೂರು ಕಾಲ ತಣ್ಣಗಿರಲಿ.

ತಿರುವಿನಲ್ಲಿ ಕಾಯುತ್ತಿರುವ,
ನಿನ್ನ ಗುಸುಕಿ