ಹವಳದ ವೇಷ

ಗಾಜಿಪುರ, ಕಲಬುರಗಿ
1998

ಜಯದೇವಿ,

ಕೇಳು! ಕೀಚಕನಾಗಿ, ರಾವಣನಾಗಿ ಗುಡುಗಿದ ನಿನ್ನ ಗಂಡ ಇವತ್ತು ಕಮಲಾಪುರದ ಶಾಲೆಯಲ್ಲಿ ಕಡಲ ಹವಳವಾದ! ವಿಜ್ಞಾನದ ನಾಟಕ. ಹವಳಕ್ಕೆ ಬಣ್ಣ ಕೊಡುವುದೂ ಅನ್ನ ಹಾಕುವುದೂ ಅದರೊಳಗಿನ ಪಾಚಿ. ಕಡಲು ಕಾದರೆ ಹವಳ ಆ ಪಾಚಿಯನ್ನೇ ಹೊರದಬ್ಬಿ, ಬೆಳ್ಳಗಾಗಿ, ಹಸಿದು ನಿಲ್ಲುತ್ತದೆ. ನಾನು ಮುಖದ ಕೆಂಪು ಒರೆಸಿಕೊಂಡು ನಿಂತೆ.

ಮುಂದಿನ ಸಾಲಿನ ಮುದುಕಿಯೊಬ್ಬಳು ಕೂಗಿದಳು: "ಅನ್ನ ಹಾಕಾಕೀನ್ನೇ ಹೊರಗ ಹಾಕ್ಯಾನ, ಭಾಡ್ಯಾ! ನೀರು ತಣ್ಣಗಾದ್ರ ಅಕಿ ಹೊಳ್ಳಿ ಬರ್ತಾಳೇನು?"

ಸಭೆ ನಕ್ಕಿತು. 'ಬರ್ತಾಳ ಅವ್ವಾ, ಹವಳ ಸಾಯೋದ್ರೊಳಗ ತಣ್ಣಗಾಗಬೇಕು' ಎನ್ನಬೇಕಿತ್ತು. ಕೊನೆಯ ಸಾಲಿಗೂ ಮುಟ್ಟುವ ದನಿಯ ನಾನು ಪರದೆ ಎಳೆಯಲು ಕೈಸನ್ನೆ ಮಾಡಿದೆ. ಪರದೆ ಎಳೆದರು.

ಈ ಕಾಗದ ನಿನ್ನ ತವರಿಗೆ ಕಳಿಸುವ ಧೈರ್ಯವಿಲ್ಲ. ನನ್ನ ಗುಡುಗಿಗೆ ನೀನು ಮನೆ ಬಿಟ್ಟು ಹೋದಾಗಿನಿಂದ ಇಲ್ಲಿ ಮೆತ್ತಗೆ ಮಾತಾಡುತ್ತೇನೆ, ಜಯಾ. ಕೇಳುವವರು ಯಾರೂ ಇಲ್ಲ.