ಮುಳುಗಿದ ಪೇಟೆಯ ಹುಲ್ಲು

ಕಡಲೇರಿದ ಮೇಲಿನ ಇನ್ನೂರ ಹನ್ನೆರಡನೆಯ ವರ್ಷ, ತಿಳಿನೀರಿನ ತಿಂಗಳು.

ಹಿರಿಯರಾದ ನಿಮಗೆ ಬೊಮ್ಮಿಯ ನಮಸ್ಕಾರಗಳು. ನಿಮ್ಮ ಪಾಲಿಗೆ ಇನ್ನೂ ಹುಟ್ಟದವಳ ಕಾಗದವಿದು. ಕೆಲವು ಮಾತುಗಳು ವಿಚಿತ್ರವಾಗಿ ಕಂಡರೆ ಮನ್ನಿಸಬೇಕು. ನಿಮ್ಮ ಕುಮಟೆಯ ಪೇಟೆ ಈಗ ನೀರಿನಡಿಯಲ್ಲಿದೆ. ನಾವು ಗುಡ್ಡದ ಮೇಲೆ ವಾಸವಿದ್ದು, ಆ ಮುಳುಗಿದ ಬೀದಿಗಳಲ್ಲಿ ಕಡಲಹುಲ್ಲು ನೆಡುತ್ತೇವೆ. ಹುಲ್ಲು ಮರಳನ್ನು ಹಿಡಿದಿಡುತ್ತದೆ, ಹುಲ್ಲಿದ್ದಲ್ಲಿಗೆ ಮೀನು ಬರುತ್ತದೆ, ಮೀನಿದ್ದರೆ ನಮಗೆ ಊಟ.

ನನ್ನ ಮಗಳು ಸೋಮಿ ಹುಲ್ಲು ನೆಡಲು ಇಳಿದವಳು ಸೆಳೆತಕ್ಕೆ ಸಿಕ್ಕಿ ತೀರಿಹೋದಳು. ನಮ್ಮಲ್ಲಿ ಮಂಕುಹನಿ ಎಂಬ ಔಷಧವಿದೆ. ಕುಡಿದರೆ ದುಃಖ ಹೋಗುತ್ತದೆ, ಜೊತೆಗೆ ಸತ್ತವರ ನೆನಪೂ ಹೋಗುತ್ತದೆ. ನನಗೆ ಅದು ಆಗಿಂದಾಗಲೇ ಬೇಕಿತ್ತು. ಆದರೆ ಕೈಪಾಲು ಮುಗಿಯದೆ ಯಾರಿಗೂ ಹನಿ ಕೊಡುವುದಿಲ್ಲ. ಹೋದವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಅವರಿಗಾಗಿ ಹೆಚ್ಚು ಅಳುವವರೇ ಮುಗಿಸಬೇಕು, ಅದೇ ಕೈಪಾಲು. ಮಗಳನ್ನು ನುಂಗಿದ ಕಡಲಿಗೇ ತಾಯಿಯನ್ನು ಇಳಿಸುವ ಈ ಪದ್ಧತಿ ಮಾಡಿದವರ ಬಾಯಿಗೆ ಮಣ್ಣು ಬೀಳಲಿ ಎಂದು ಶಪಿಸಿದೆ.

ಬೇಗ ಮುಗಿಸಿ ಕುಡಿದುಬಿಡೋಣವೆಂದು ಬೇರುಗಳನ್ನು ಹೇಗೆಂದರೆ ಹಾಗೆ ಮರಳಿಗೆ ಚುಚ್ಚಿ ಬಂದೆ. ಮರುದಿನ ಅಷ್ಟೂ ಹುಲ್ಲು ನೀರಮೇಲೆ ತೇಲುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ನಾನು ಅಲೆಗಳನ್ನು ಬೈದೆ.

ಸರಿಯಾಗಿ ಊರುವುದು ಹೇಗೆಂದು ನೋಡಲು ಸೋಮಿ ನೆಟ್ಟಿದ್ದ ಕಡೆಗೆ ಈಜಿ ಹೋದೆ. ಹಳೆಯ ಗೋಡೆಗಳ ನಡುವೆ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ನೀವು ಡುಗಾಂಗ್ ಎನ್ನುವ ಒಂದು ಕಡಲಹಸು ಮರಿಯನ್ನು ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಮೇಯುತ್ತಿತ್ತು. ನಮ್ಮ ಅಜ್ಜಿಯರೂ ಇಲ್ಲಿ ಅದನ್ನು ಕಂಡವರಲ್ಲ. ಅದು ನನ್ನನ್ನು ನೋಡಿತು, ಹೆದರಲಿಲ್ಲ, ಮತ್ತೆ ಮೇಯತೊಡಗಿತು. ಇಷ್ಟು ದೊಡ್ಡ ಜೀವಕ್ಕೆ ನನ್ನ ಮಗಳು ಅನ್ನವಿಟ್ಟು ಹೋಗಿದ್ದಳು. ದುಃಖ ನನ್ನನ್ನು ನೀರಿಗೆ ತಳ್ಳದಿದ್ದರೆ ಇದನ್ನು ನಾನು ಕಾಣುತ್ತಲೇ ಇರಲಿಲ್ಲ. ಉಸಿರಾಡಲು ಬಾಯಲ್ಲಿಟ್ಟಿದ್ದ ಕೊಳವೆಯನ್ನು ಕಚ್ಚಿಕೊಂಡೇ ಅತ್ತೆ. ನೋವು ಒಂದು ಚೂರೂ ಕಡಿಮೆಯಾಗಲಿಲ್ಲ, ಆದರೂ ಗರ್ಭಗುಡಿಯ ಮುಂದೆ ನಿಂತವಳಂತೆ ಕೈ ಮುಗಿದೆ.

ಕೈಪಾಲು ಮುಗಿದ ಸಂಜೆ ಹನಿ ಕೈಗೆ ಬಂತು. ಹಿಂದೊಮ್ಮೆ ಅದನ್ನು ಕುಡಿದಿದ್ದ ನೆರೆಮನೆಯ ಕುಸ್ಲಿಯನ್ನು, ಹೇಗಿರುತ್ತದೆ ಎಂದು ಕೇಳಿದೆ.

"ಚಲೋ ನಿದ್ದೆ ಬತ್ತದೆ," ಎಂದಳು. ಆಮೇಲೆ, "ನಂಗೂ ಒಬ್ಬ ಮಗ ಇದ್ದಿದ್ನಂತೆ," ಎಂದಳು.

ನಾನು ಹನಿಯನ್ನು ಹಿಂದಕ್ಕೆ ಕೊಟ್ಟೆ.

ಮಂಕುಹನಿಯನ್ನು ಕಂಡುಹಿಡಿಯುವವರು ನಿಮ್ಮ ಮೊಮ್ಮಕ್ಕಳು. ಅವರನ್ನು ತಡೆಯಬೇಡಿ, ತಾಳಲಾರದವರಿಗೆ ಅದು ಬೇಕು. ಆದರೆ ನಿಮ್ಮಲ್ಲಿ ಯಾರಾದರೂ ಇಂದು ಅಳುತ್ತಿದ್ದರೆ, ಹೋದವರ ಕೆಲಸವನ್ನು ಮೊದಲು ಆ ಅಳುವವರ ಕೈಗೆ ಕೊಟ್ಟು ನೋಡಿ. ಇನ್ನೊಂದು ಬೇಡಿಕೆಯಿದೆ. ನನಗೆ ಸೋಮಿ ಹೋದವಳು, ನಿಮಗೆ ಅವಳು ಇನ್ನು ಬರಬೇಕಾದವಳು. ಅವಳು ಬರುವವರೆಗೆ ಕಡಲನ್ನು ಚೆನ್ನಾಗಿ ನೋಡಿಕೊಳ್ಳಿ.